ಬಲೀಂದ್ರನಿಗೂ ಮೂರೇ ದಿನ ರಜೆ

ಹೊಸ ಕ್ಯಾಲೆಂಡರ್ ಕೈಗೆ ಬಂದ ತಕ್ಷಣ ಪಿಜಿ, ಹಾಸ್ಟೆಲ್‌ನಲ್ಲಿರುವ ನಾವೆಲ್ಲ ಮೊದಲು ಹುಡುಕುವುದು ಕೆಂಪಕ್ಷರದ ದಿನಗಳನ್ನು. ಯಾವ ಹಬ್ಬ ಶುಕ್ರವಾರ ಬಂತು, ಯಾವುದು ಸೋಮವಾರ ಬಂತು, ಯಾವುದು ಭಾನುವಾರವೇ ಬಂದು ರಜೆಯನ್ನು ನುಂಗಿಹಾಕಿತು ಎಂಬ ಲೆಕ್ಕಾಚಾರ ಜನವರಿಯಲ್ಲೇ ಮುಗಿದಿರುತ್ತದೆ. ಆದರೆ 2025ರ ದೀಪಾವಳಿ ಎಲ್ಲರಿಗೂ ಫಜೀತಿ ತಂದಿತು. ಅಕ್ಟೋಬರ್ 20ರ ಸೋಮವಾರ ನರಕ ಚತುರ್ದಶಿಗೆ ರಜೆ. 22ರ ಬುಧವಾರ ಬಲಿಪಾಡ್ಯಮಿಗೆ ರಜೆ. ನಡುವೆ ಸಿಕ್ಕಿಕೊಂಡ ಮಂಗಳವಾರ ಮಾತ್ರ ಕೆಲಸದ ದಿನ. ‘ಆ ಮಂಗಳವಾರ ಕ್ಲಾಸ್ ಇದೆಯಾ ಮಾಸ್ಟ್ರೇ?’ ಎಂಬ ಪ್ರಶ್ನೆ ನಮ್ಮ ಕ್ಲಾಸಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎಷ್ಟು ಸಲ ಬಂತೋ ಲೆಕ್ಕವಿಲ್ಲ. ‘ಇದೆ’ ಎಂಬ ಒಂದೇ ಪದದ ಉತ್ತರವೂ ಅಷ್ಟೇ ಸಲ ಬಂತು.

ಈ ಫಜೀತಿ ನನ್ನೊಬ್ಬಳದೇ ಅಲ್ಲ. ನನ್ನ ರೂಮಿನಲ್ಲಿರುವ ಕೊಡಗಿನ ಗೆಳತಿಗೆ ಹುತ್ತರಿಯೇ ದೊಡ್ಡ ಹಬ್ಬ. ಕದಿರು ತೆಗೆಯುವ ಮುಹೂರ್ತ ಪಾಡಿ ಇಗ್ಗುತಪ್ಪ ದೇವಸ್ಥಾನದಲ್ಲಿ ನಿಗದಿಯಾದ ಮೇಲೆಯೇ ಅವಳು ಟಿಕೆಟ್ ನೋಡಬೇಕು. ಹುತ್ತರಿಗೆ ಕೊಡಗು ಜಿಲ್ಲೆಯಲ್ಲಿ ಸ್ಥಳೀಯ ರಜೆ ಇದೆ, ಆದರೆ ಬೆಂಗಳೂರಿನ ಕಾಲೇಜಿಗೆ ಅದು ಅನ್ವಯಿಸುವುದಿಲ್ಲ. ಪಕ್ಕದ ರೂಮಿನ ಕಲಬುರಗಿಯವಳಿಗೆ ಎಳ್ಳ ಅಮಾವಾಸ್ಯೆಗೆ ಮನೆಮಂದಿಯ ಜೊತೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಭಜ್ಜಿ–ರೊಟ್ಟಿ ಉಣ್ಣದಿದ್ದರೆ ವರ್ಷವೇ ಅಪೂರ್ಣ. ಇಲ್ಲಿ ಆ ದಿನ ಲ್ಯಾಬ್ ಇರುತ್ತದೆ. ಮೇಲಿನ ಮಹಡಿಯವಳದು ಇನ್ನೊಂದು ಕಥೆ. ಚಂದ್ರ ಕಂಡ ಮೇಲೆಯೇ ರಂಜಾನ್ ಹಬ್ಬ ಖಚಿತವಾಗುವುದರಿಂದ ಅವಳು ಯಾವಾಗಲೂ ಎರಡು ದಿನಕ್ಕೆ ಎರಡು ಟಿಕೆಟ್ ಮಾಡಿಸಿಟ್ಟು, ಒಂದನ್ನು ರದ್ದು ಮಾಡುತ್ತಾಳೆ. ನಾಲ್ವರೂ ಸೇರಿ ಕೂತಾಗ ನಮಗೆ ಹೊಳೆದದ್ದು ಇಷ್ಟು: ಹಬ್ಬ ಇರುವುದು ತಿಥಿಯಲ್ಲಿ, ತೆನೆಯಲ್ಲಿ, ಚಂದ್ರನಲ್ಲಿ. ರಜೆ ಇರುವುದು ಪಟ್ಟಿಯಲ್ಲಿ. ಎರಡೂ ಒಂದೇ ದಿನ ಬಂದರೆ ಅದು ನಮ್ಮ ಅದೃಷ್ಟ.

ಮುಗಿಯುವ ರಜೆ, ಶುರುವಾಗುವ ಹಬ್ಬ

ನಮ್ಮೂರು ಸಾಗರ ತಾಲ್ಲೂಕಿನ ಒಂದು ಮೂಲೆ. ಒಂದಿಷ್ಟು ಅಡಿಕೆ ತೋಟ, ಒಂದಿಷ್ಟು ಗದ್ದೆ, ಹನ್ನೊಂದು ಮನೆ. ನಮ್ಮ ಕಡೆ ದೀಪಾವಳಿಗೆ ದೊಡ್ಡಹಬ್ಬ ಎಂದೇ ಹೆಸರು. ಪಟಾಕಿಗಿಂತ ಇಲ್ಲಿ ಬಲೀಂದ್ರ, ದನ ಮತ್ತು ದೀಪದ್ದೇ ದೊಡ್ಡಸ್ತಿಕೆ. ತ್ರಯೋದಶಿಯ ಸಂಜೆ ಬಾವಿಯಿಂದ ನೀರು ತುಂಬುವುದರೊಂದಿಗೆ ಹಬ್ಬ ಮನೆಯೊಳಗೆ ಬರುತ್ತದೆ. ಮರುದಿನ ಕತ್ತಲಿರುವಾಗಲೇ ಎಣ್ಣೆಸ್ನಾನ. ಕಲಶದ ರೂಪದಲ್ಲಿ ಬಲೀಂದ್ರನನ್ನು ಕೂರಿಸಿ ಮೂರು ದಿನ ಪೂಜೆ. ಪಾಡ್ಯದ ದಿನ ಗೋಪೂಜೆ.

ಪಾಡ್ಯದ ರಾತ್ರಿಯಿಂದ ಊರಿನ ಗಂಡಸರ ತಂಡವೊಂದು ದೇವಸ್ಥಾನದಲ್ಲಿ ಹಚ್ಚಿದ ದೀಪ ಹಿಡಿದು, ಹಾಡುತ್ತಾ ಮನೆಮನೆಗೆ ಬರುತ್ತದೆ. ಅಂಟಿಗೆ–ಪಂಟಿಗೆ ಎಂದು ಕರೆಯುವುದು ಇದನ್ನೇ. ಕೆಲವು ಕಡೆ ಹಬ್ಬ ಹಾಡುವುದು ಎನ್ನುತ್ತಾರೆ. ಸಾಗರ, ಹೊಸನಗರ, ತೀರ್ಥಹಳ್ಳಿ, ಸೊರಬ, ಅತ್ತ ಉತ್ತರ ಕನ್ನಡದ ಸಿದ್ದಾಪುರದವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಮುಂದಿನ ಇಬ್ಬರು ಒಂದು ಸಾಲು ಹಾಡಿದರೆ ಹಿಂದಿನವರು ಅದನ್ನು ಎತ್ತಿಕೊಂಡು ಮತ್ತೆ ಹಾಡುತ್ತಾರೆ. ಮುಚ್ಚಿದ ಬಾಗಿಲ ಮುಂದೆ ನಿಂತು ಮೊದಲು ಬಾಗಿಲು ತೆಗೆಸುವ ಹಾಡು. ಬಾಗಿಲು ತೆರೆದು ಮನೆಯಾಕೆ ಬಂದು, ಅವರು ತಂದ ದೀಪಕ್ಕೆ ಎಣ್ಣೆ ಎರೆದು, ಅದರಿಂದ ತನ್ನ ಮನೆಯ ದೀಪ ಹಚ್ಚಿಕೊಳ್ಳಬೇಕು. ಅಕ್ಕಿ, ಕಾಯಿ, ಹೋಳಿಗೆ, ಕೈಲಾದಷ್ಟು ದುಡ್ಡು ಕೊಟ್ಟು ಕಳಿಸಬೇಕು. ಅಷ್ಟೂ ಮನೆ ಸುತ್ತಿ ಮುಗಿಯುವವರೆಗೆ ಆ ದೀಪ ಆರುವ ಹಾಗಿಲ್ಲ.

ಈಗ ಕ್ಯಾಲೆಂಡರ್ ನೋಡಿ. ಸರ್ಕಾರಿ ರಜೆ ಮುಗಿಯುವುದು ಪಾಡ್ಯಕ್ಕೆ. ದೀಪ ಹೊರಡುವುದೂ ಪಾಡ್ಯದ ರಾತ್ರಿಯೇ. ಅದೇ ಹೊತ್ತಿಗೆ ಸಾಗರದ ಬಸ್‌ಸ್ಟ್ಯಾಂಡ್‌ನಲ್ಲಿ ಬೆಂಗಳೂರಿಗೆ ಹೊರಟ ನನ್ನಂಥವರ ಸಾಲು. ಕಾಲೇಜಿಗೆ ಸೇರಿದ ಮೇಲೆ ಎರಡು ವರ್ಷ ನಾನು ಗೋಪೂಜೆಯ ಊಟ ಮುಗಿಸಿ, ಹೋಳಿಗೆ ಡಬ್ಬಿ ಬ್ಯಾಗಿಗೆ ತುರುಕಿಕೊಂಡು ರಾತ್ರಿ ಬಸ್ ಹತ್ತಿದ್ದೆ. ಬಸ್ಸು ಆನಂದಪುರ ದಾಟುವಾಗ ಊರಲ್ಲಿ ದೀಪ ಹೊರಟಿರುತ್ತಿತ್ತು.

ಪುರಾಣದ ಬಲೀಂದ್ರನಿಗೆ ವರ್ಷಕ್ಕೊಮ್ಮೆ ತನ್ನ ನಾಡನ್ನು ನೋಡಲು ಮೂರು ದಿನದ ಅನುಮತಿ. ಅಜ್ಜಿ ನನ್ನನ್ನು ನೋಡಿ ನಗುತ್ತಾ ಹೇಳುವುದೂ ಇದನ್ನೇ, ‘ಬಲೀಂದ್ರನಿಗೂ ಮೂರೇ ದಿನ, ನಿಂಗೂ ಮೂರೇ ದಿನ. ಅವ್ನಾದ್ರೂ ಪೂರ್ತಿ ಮೂರು ದಿನ ಇರ್ತಾನೆ ಮಾರಾಯ್ತಿ.’

ನೆಂಟರಲ್ಲ, ಕೈಯಾಳುಗಳು

ಈ ಸಲ ಶನಿವಾರ ರಾತ್ರಿ ಮೈಸೂರು–ತಾಳಗುಪ್ಪ ರೈಲು ಹತ್ತಿದೆ. ರೈಲ್ವೆ ಮುಂಗಡ ಬುಕಿಂಗ್ ಅವಧಿ 2024ರ ನವೆಂಬರ್‌ನಿಂದ 120 ದಿನದ ಬದಲು 60 ದಿನವಾಗಿದೆ. ಬುಕಿಂಗ್ ತೆರೆದ ದಿನವೇ ಕೂತಿದ್ದರಿಂದ ಸೀಟು ಸಿಕ್ಕಿತ್ತು. ಸಿಗದ ಗೆಳತಿಯರು ಮೆಜೆಸ್ಟಿಕ್‌ಗೆ ಹೋಗಿ ಆಧಾರ್ ಕಾರ್ಡ್ ತೋರಿಸಿ, ಶಕ್ತಿ ಯೋಜನೆಯ ಉಚಿತ ಟಿಕೆಟ್‌ನಲ್ಲಿ ಸಾಮಾನ್ಯ ಬಸ್ ಹಿಡಿದರು. ಸ್ಲೀಪರ್‌ಗೆ ಆ ಯೋಜನೆ ಇಲ್ಲ. ಹಾಗಾಗಿ ಸುಮಾರು 360 ಕಿಲೋಮೀಟರ್ ಕೂತೇ ಬರಬೇಕು. ಹಬ್ಬದ ಹೊತ್ತಿನಲ್ಲಿ ಕೆಲವು ಖಾಸಗಿ ಬಸ್‌ಗಳ ದರ ನೋಡಿದವರಿಗೆ ಕೂತು ಬರುವುದು ಕಷ್ಟ ಅನ್ನಿಸಲಿಕ್ಕಿಲ್ಲ.

ಮನೆ ತಲುಪಿ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಅಮ್ಮ ಹುಣಸೆಹಣ್ಣು ಕೈಗಿಟ್ಟಳು. ಬಚ್ಚಲುಮನೆಯ ತಾಮ್ರದ ಹಂಡೆ ತಿಕ್ಕಬೇಕಿತ್ತು. ತಿಕ್ಕಿದ ಹಂಡೆಗೆ ಶೇಡಿ, ಕೆಮ್ಮಣ್ಣು ಬಳಿದು, ಕುತ್ತಿಗೆಗೆ ಹಿಂಡಲೆಕಾಯಿ ಬಳ್ಳಿ ಕಟ್ಟಬೇಕು. ಆ ಬಳ್ಳಿಯನ್ನು ಬೇಲಿಸಾಲಿನಲ್ಲಿ ಹುಡುಕಿ ತರಬೇಕು. ಕೊಟ್ಟಿಗೆ ತೊಳೆಯಬೇಕು. ಹಣ್ಣಡಿಕೆಯ ಸಿಪ್ಪೆಗೆ ದಬ್ಬಣ ಚುಚ್ಚಿ, ಬಾಳೆನಾರಿನಲ್ಲಿ ಪೋಣಿಸಿ, ನಡುವೆ ಚೆಂಡುಹೂವು ಸೇರಿಸಿ ದನಗಳಿಗೆ ಸರ ಮಾಡಬೇಕು. ಸೌತೆಕಾಯಿ ತುರಿದು, ಅಕ್ಕಿತರಿ ಬೆರೆಸಿ, ಬಾಳೆ ಎಲೆಯಲ್ಲಿ ಕಡುಬಿಗೆ ಇಡಬೇಕು. ಹೋಳಿಗೆಗೆ ಹೂರಣ ರುಬ್ಬಬೇಕು. ಇಷ್ಟೆಲ್ಲ ಮಾಡಲು ಮನೆಯಲ್ಲಿ ಇದ್ದವರು ಮೂವರು. ಅಪ್ಪನಿಗೆ ಐವತ್ತೆಂಟು, ಅಮ್ಮನಿಗೆ ಮಂಡಿನೋವು, ಅಜ್ಜಿಗೆ ಎಪ್ಪತ್ತೈದು ದಾಟಿದೆ.

ಊರಲ್ಲಿ ಹೆಚ್ಚುಕಡಿಮೆ ಎಲ್ಲ ಮನೆಯ ಕಥೆಯೂ ಇದೇ. ಮಕ್ಕಳು ಬೆಂಗಳೂರು, ಮಂಗಳೂರು, ಹುಬ್ಬಳ್ಳಿಯಲ್ಲಿ. ಹಬ್ಬದ ಫೋಟೊಗಳಲ್ಲಿ ಹೊಸ ಬಟ್ಟೆ ಹಾಕಿಕೊಂಡು ನಿಂತ ನಾವು ಕಾಣುತ್ತೇವೆ. ಆ ಫೋಟೊದ ಹಿಂದಿನ ವಾರವಿಡೀ ಅಂಗಳ ಕೆರೆದು ಸಾರಿಸಿದವರು ಕಾಣುವುದಿಲ್ಲ. ಹಬ್ಬ ಅನ್ನುವುದು ಒಂದು ದೊಡ್ಡ ಕೆಲಸದ ಪಟ್ಟಿ. ಕೈಗಳು ಕಡಿಮೆಯಾದ ಹಾಗೆ ಪಟ್ಟಿಯಿಂದ ಒಂದೊಂದೇ ಕೆಲಸ ಸದ್ದಿಲ್ಲದೆ ಹೊಡೆದುಹೋಗುತ್ತದೆ. ಮೊದಲು ಗದ್ದೆಗೆ ದೀಪ ಇಡುವುದು ನಿಲ್ಲುತ್ತದೆ, ಯಾಕೆಂದರೆ ಗದ್ದೆ ದೂರ. ಆಮೇಲೆ ಅಂಗಳದ ಶೇಡಿ ಚಿತ್ತಾರದ ಜಾಗಕ್ಕೆ ಪೇಟೆಯ ಸ್ಟಿಕರ್ ಬರುತ್ತದೆ. ಯಾರೂ ‘ಇದನ್ನು ಬಿಡೋಣ’ ಎಂದು ತೀರ್ಮಾನ ಮಾಡಿರುವುದಿಲ್ಲ. ಮಾಡುವವರು ಇರುವುದಿಲ್ಲ, ಅಷ್ಟೆ.

ಒಂದು ಹಸು, ಐದು ಮನೆಯ ಸರ

ನಾನು ಚಿಕ್ಕವಳಿದ್ದಾಗ ನಮ್ಮ ಕೊಟ್ಟಿಗೆಯಲ್ಲಿ ಹದಿನಾಲ್ಕು ದನ ಇದ್ದವು. ಎಲ್ಲವೂ ಮಲೆನಾಡು ಗಿಡ್ಡ. ಕುಳ್ಳಗಿನ, ಚುರುಕಿನ, ಗುಡ್ಡ ಹತ್ತಿ ಮೇಯ್ದು ಸಂಜೆ ತಾವೇ ಮನೆಗೆ ಬರುವ ದನಗಳು. ಹಾಲು ಕೊಡುವುದು ಲೀಟರ್ ಲೆಕ್ಕದಲ್ಲಿ ಹೆಚ್ಚಲ್ಲ. ಗೊಬ್ಬರ ಮಾತ್ರ ತೋಟಕ್ಕೆ ಬೇಕೇ ಬೇಕು. ಮೇಯಿಸುವವರು ಸಿಗದೆ, ಮೇಯಲು ಬ್ಯಾಣ ಉಳಿಯದೆ ಒಂದೊಂದೇ ಕಡಿಮೆಯಾಗಿ ಈಗ ಉಳಿದದ್ದು ಒಂದು ಹಸು. ಸುತ್ತಲಿನ ನಾಲ್ಕು ಮನೆಗಳಲ್ಲಿ ಕೊಟ್ಟಿಗೆ ಇದೆ, ದನ ಇಲ್ಲ. ಅಲ್ಲಿ ಈಗ ಬೈಕು, ಕಳೆ ಕೊಚ್ಚುವ ಯಂತ್ರ, ಔಷಧಿ ಹೊಡೆಯುವ ಡ್ರಮ್ಮು.

ಪಾಡ್ಯದ ಬೆಳಿಗ್ಗೆ ಆ ನಾಲ್ಕು ಮನೆಯವರೂ ತಮ್ಮ ತಮ್ಮ ಮನೆಯಲ್ಲಿ ಮಾಡಿದ ಸರ ಮತ್ತು ಕಡುಬು ಹಿಡಿದುಕೊಂಡು ನಮ್ಮ ಕೊಟ್ಟಿಗೆಗೆ ಬಂದರು. ಸರ ಮಾಡುವುದನ್ನು ಅವರು ಬಿಟ್ಟಿಲ್ಲ. ಹಾಕಲು ಕೊರಳು ಬೇಕಲ್ಲ. ಲೋಟದ ಬಾಯಿಯನ್ನು ಶೇಡಿಯಲ್ಲಿ ಅದ್ದಿ ಮಕ್ಕಳೆಲ್ಲ ಹಸುವಿನ ಮೈಮೇಲೆ ಬಿಳಿ ಉಂಗುರ ಒತ್ತಿದರು. ಕೊಂಬಿಗೆ ಕೆಮ್ಮಣ್ಣು ಬಳಿದರು. ಐದು ಮನೆಯ ಸರ ಒಂದೇ ಕೊರಳಿಗೆ ಬಿದ್ದಾಗ ಹಸು ತಲೆ ಎತ್ತಲಾಗದೆ ಒಮ್ಮೆ ಜೋರಾಗಿ ಕೊಡವಿತು. ಹಣ್ಣಡಿಕೆಗಳೆಲ್ಲ ಉದುರಿ ಕೊಟ್ಟಿಗೆ ತುಂಬ ಉರುಳಿದವು. ಎಲ್ಲರೂ ನಕ್ಕೆವು. ಅಪ್ಪ ನಗಲಿಲ್ಲ.

ಊಟ ಆದ ಮೇಲೆ ಅಪ್ಪ ವಿಷಯ ತೆಗೆದ. ಎಲೆಚುಕ್ಕಿ ರೋಗದಿಂದ ತೋಟದ ಫಸಲು ಇಳಿದಿದೆ. ಅಮ್ಮನಿಗೆ ಮಂಡಿ ಬಗ್ಗಿಸಿ ಹಾಲು ಕರೆಯಲು ಆಗುವುದಿಲ್ಲ. ಮುಂದಿನ ಮಳೆಗಾಲದೊಳಗೆ ಹಸುವನ್ನು ಸಾಕುವವರು ಯಾರಿಗಾದರೂ ಕೊಡಬೇಕು. ‘ನೀವಂತೂ ಊರಿಗೆ ಬಂದು ಇರೋದಿಲ್ಲ. ನಾನು ಎಷ್ಟು ದಿನ ಅಂತ ಎಳೀಲಿ?’ ಎಂದ. ಅದು ಬೈಗುಳವಾಗಿರಲಿಲ್ಲ, ಬೇಸರವೂ ಆಗಿರಲಿಲ್ಲ. ಲೆಕ್ಕ ಒಪ್ಪಿಸಿದ ಹಾಗಿತ್ತು. ನಾನು ಮತ್ತು ದೊಡ್ಡಪ್ಪನ ಮಗ ಅಣ್ಣ ಇಬ್ಬರೂ ಸುಮ್ಮನೆ ಕೂತೆವು. ಓದಿಸಿ ಹೊರಗೆ ಕಳಿಸಿದವರೂ ಅವರೇ. ಹಾಗಾಗಿ ‘ನಾವು ಬಂದುಬಿಡ್ತೇವೆ’ ಎಂಬ ಸುಳ್ಳು ಸಮಾಧಾನ ಹೇಳುವಂತಿರಲಿಲ್ಲ.

ನೆಟ್‌ವರ್ಕ್ ಗುಡ್ಡದ ಅಣ್ಣ

ಅಣ್ಣ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾನೆ. ಅವನ ಕಂಪನಿಯಲ್ಲಿ ದೀಪಾವಳಿಗೆ ಒಂದೇ ದಿನ ರಜೆ. ಉಳಿದ ದಿನ ‘ವರ್ಕ್ ಫ್ರಮ್ ಹೋಮ್’ ಕೇಳಿಕೊಂಡು ಬಂದಿದ್ದ. ಆದರೆ ನಮ್ಮ ‘ಹೋಮ್’ನಲ್ಲಿ ನೆಟ್‌ವರ್ಕ್ ಬರುವುದಿಲ್ಲ. ಮನೆಯ ಹಿಂದಿನ ಗುಡ್ಡದ ಮೇಲೆ ಒಂದು ಬಂಡೆ ಇದೆ, ಅಲ್ಲಿ ಎರಡು ಕಡ್ಡಿ ಸಿಗುತ್ತದೆ. ಲಾಕ್‌ಡೌನ್ ಕಾಲದಲ್ಲಿ ಊರಿನ ಮಕ್ಕಳೆಲ್ಲ ಆನ್‌ಲೈನ್ ಕ್ಲಾಸ್ ಕೇಳಿದ್ದು ಅಲ್ಲೇ. ಮಂಗಳವಾರ ಇಡೀ ದಿನ ಅಣ್ಣ ಆ ಬಂಡೆಯ ಮೇಲೆ ಛತ್ರಿ ಕಟ್ಟಿಕೊಂಡು ಮೀಟಿಂಗ್ ಮುಗಿಸಿದ.

ಅವನು ಇಷ್ಟು ಕಷ್ಟಪಟ್ಟದ್ದು ಪಾಡ್ಯದ ರಾತ್ರಿಗಾಗಿ. ದೀಪದ ಜೊತೆ ಹೋಗುವ ತಂಡಕ್ಕೆ ಈ ಸಲ ಜನ ಸಾಲುತ್ತಿರಲಿಲ್ಲ. 2020ರಲ್ಲಿ ಎಲ್ಲರೂ ಊರಲ್ಲೇ ಇದ್ದರು. ಆಗ ಹದಿನಾರು ಜನರ ತಂಡ ಹೋಗಿತ್ತು. ಈ ಸಲ ಅಣ್ಣನೂ ಸೇರಿ ಏಳು ಜನ. ಅದರಲ್ಲಿ ಪೂರ್ತಿ ಹಾಡು ಬರುವುದು ಒಬ್ಬರಿಗೇ, ಎಪ್ಪತ್ತು ದಾಟಿದ ಕೆಳಮನೆ ಸಣ್ಣಜ್ಜನಿಗೆ. ಉಳಿದವರದೆಲ್ಲ ಹಿಂದಿನ ಸಾಲು. ಹಿಂದಿನ ಸಾಲಿನವರಿಗೆ ಹಾಡು ಗೊತ್ತಿರಬೇಕೆಂದಿಲ್ಲ, ಮುಂದಿನವರು ಹೇಳಿದ್ದನ್ನು ಹೇಳಿದರೆ ಸಾಕು. ಹಾಗಾಗಿ ಹತ್ತು ವರ್ಷ ಹೋದರೂ ಅವರಿಗೆ ಪೂರ್ತಿ ಹಾಡು ಕಂಠಪಾಠ ಆಗಿರುವುದಿಲ್ಲ. ಒಬ್ಬ ಹುಡುಗ, ‘ಫೋನಲ್ಲಿ ಬರ್ಕೊಂಡು ನೋಡ್ಕೊಂಡು ಹಾಡೋಣ’ ಎಂದನಂತೆ. ಸಣ್ಣಜ್ಜ, ‘ಹಾಡು ಫೋನ್ ನೋಡ್ಕಂಡು ಹೇಳಿದ್ರೆ, ಗಾಳಿ ಬಂದಾಗ ದೀಪ ಯಾರು ನೋಡ್ತಾರೋ?’ ಎಂದರಂತೆ.

ನನ್ನ ವಾಪಸ್ ಟಿಕೆಟ್ ಬುಧವಾರ ರಾತ್ರಿಗೇ ಇತ್ತು. ಗುರುವಾರ ಮಧ್ಯಾಹ್ನ ಮೂರು ಗಂಟೆಗೆ ಕ್ಯಾಂಪಸ್ ಆಯ್ಕೆಯ ಮೊದಲ ಸುತ್ತಿನ ಆನ್‌ಲೈನ್ ಪರೀಕ್ಷೆ. ಅಂತಿಮ ವರ್ಷದವರಿಗೆ ಆ ಪರೀಕ್ಷೆ ಎಂದರೆ ಏನು ಎಂದು ಈ ಪುಟ ಓದುವವರಿಗೆ ಹೇಳಬೇಕಿಲ್ಲ. ಬರೆಯುವುದು ಎಲ್ಲಿಂದ ಬೇಕಾದರೂ ಆಗುತ್ತಿತ್ತು, ಆದರೆ ನಡುವೆ ನೆಟ್‌ವರ್ಕ್ ಹೋದರೆ ಅಲ್ಲಿಗೆ ಮುಗಿಯಿತು. ಅಜ್ಜಿಯನ್ನು ಕೇಳಿದೆ, ‘ನಾನು ಇವತ್ತು ಹೋಗ್ಲಾ, ಇರ್ಲಾ?’ ಅಜ್ಜಿ ಬತ್ತಿ ಹೊಸೆಯುತ್ತಾ, ‘ನಿನ್ನ ಪರೀಕ್ಷೆ ನಿಂಗೆ ಗೊತ್ತು ಮಗಾ. ನೀನಿದ್ರೂ ದೀಪ ಬರ್ತದೆ, ಇಲ್ದಿದ್ರೂ ಬರ್ತದೆ. ಬರೋ ಅಷ್ಟು ವರ್ಷ ಬರ್ತದೆ’ ಎಂದಳು.

ಆ ಕೊನೆಯ ಮಾತು ಕೇಳಿದ ಮೇಲೆ ಬಸ್ ಹತ್ತಲು ಮನಸ್ಸಾಗಲಿಲ್ಲ. ಸಾಗರ ಪೇಟೆಯಲ್ಲಿರುವ ಅತ್ತೆಗೆ ಫೋನ್ ಮಾಡಿಸಿ ಅವರ ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಸರಿ ಇದೆಯಾ, ಕರೆಂಟ್ ಹೋದರೆ ಯುಪಿಎಸ್ ಇದೆಯಾ ಎಂದು ಖಾತ್ರಿ ಮಾಡಿಕೊಂಡೆ. ಟಿಕೆಟ್ ರದ್ದು ಮಾಡಿದೆ. ಹಾಜರಾತಿ ಲೆಕ್ಕ ಹಾಕಿದೆ. ಶೇ 75ರ ಗೆರೆಗಿಂತ ಮೇಲೆಯೇ ಇದ್ದೆ.

ಬಾಗಿಲ ಈಚೆ ಉಳಿದ ಹಾಡು

ದೀಪ ನಮ್ಮನೆಗೆ ಬಂದಾಗ ರಾತ್ರಿ ಎರಡೂವರೆ ದಾಟಿತ್ತು. ಮೊದಲು ದೂರದ ತೋಟದಾಚೆ ಒಂದು ಬೆಳಕಿನ ಚುಕ್ಕಿ. ಆಮೇಲೆ ದನಿ. ಆಮೇಲೆ ನಾಯಿ ಬೊಗಳಿದ್ದು. ಅಜ್ಜಿ ಎದ್ದು ಸೆರಗು ಸರಿಮಾಡಿಕೊಂಡು, ಹಣತೆ ಮತ್ತು ಎಣ್ಣೆ ಗಿಂಡಿ ಹಿಡಿದು ಮುಚ್ಚಿದ ಬಾಗಿಲ ಒಳಗೆ ನಿಂತಳು. ನಾನು ಫೋನಿನಲ್ಲಿ ರೆಕಾರ್ಡ್ ಒತ್ತಿ ಪಕ್ಕದಲ್ಲಿ ನಿಂತೆ.

ಹೊರಗೆ ಹಾಡು ಶುರುವಾಯಿತು. ಹತ್ತಾರು ಸಾಲು ಆಗಿತ್ತೋ ಏನೋ, ಸಣ್ಣಜ್ಜನಿಗೆ ಕೆಮ್ಮು ಬಂತು. ಪಕ್ಕದಲ್ಲಿದ್ದ ಅಣ್ಣ ಒಂದು ಸಾಲು ಎಳೆದ, ಅದು ಆಗಲೇ ಹೇಳಿ ಮುಗಿದಿದ್ದ ಸಾಲು. ಮುಂದಿನದು ಯಾರಿಗೂ ಬರಲಿಲ್ಲ. ಹಾಡು ನಿಂತಿತು. ಹಾಡು ಮುಗಿಯದೆ ಬಾಗಿಲು ತೆಗೆಯುವ ಹಾಗಿಲ್ಲ. ಒಳಗೂ ಹೊರಗೂ ಕಾಯುವ ಮೌನ. ಆಗ ಅಜ್ಜಿ, ಬಾಗಿಲ ಈಚೆಯಿಂದ, ಮುಂದಿನ ಸಾಲನ್ನು ಮೆಲ್ಲಗೆ ರಾಗವಾಗಿ ಹೇಳಿದಳು. ಹೊರಗಿನವರು ಒಂದು ಕ್ಷಣ ತಡೆದು ಅದನ್ನು ಎತ್ತಿಕೊಂಡರು. ಅಜ್ಜಿ ಅದರ ಮುಂದಿನದನ್ನೂ ಹೇಳಿದಳು. ಅವರು ಅದನ್ನೂ ಹಾಡಿದರು. ಹಾಗೆ ಪೂರ್ತಿ ಹಾಡು ಮುಗಿದ ಮೇಲೆಯೇ ಬಾಗಿಲು ತೆಗೆದದ್ದು.

ಸಣ್ಣಜ್ಜ ಕೆಮ್ಮು ತಡೆದುಕೊಂಡು ಕೇಳಿದರು, ‘ಅತ್ತಿಗೆ, ನಿಮಗೆ ಇದು ಹ್ಯಾಂಗೆ ಬಂತು?’

‘ಐವತ್ತಾರು ವರ್ಷದಿಂದ ಬಾಗಿಲ ಹಿಂದೆ ನಿಂತು ಕೇಳಿಲ್ವನೋ’ ಎನ್ನುತ್ತಾ ಅಜ್ಜಿ ದೀಪಕ್ಕೆ ಎಣ್ಣೆ ಎರೆದಳು.

ನಮ್ಮೂರಲ್ಲಿ ದೀಪದ ಜೊತೆ ಹೆಣ್ಣುಮಕ್ಕಳು ಹೋಗುವ ರೂಢಿ ಇಲ್ಲ. ಹಾಗಾಗಿ ಅವರಿಗೆ ಹಾಡು ಬರುತ್ತದೆಯೇ ಎಂದು ಯಾರೂ ಕೇಳಿರಲಿಲ್ಲ. ‘ಹಾಡು ಬಲ್ಲವರೇ ಇಲ್ಲ’ ಎಂದು ನಾವೆಲ್ಲ ಚಿಂತೆ ಮಾಡುತ್ತಿದ್ದಾಗ, ಪ್ರತಿ ಮನೆಯ ಬಾಗಿಲ ಹಿಂದೆಯೂ ಅರ್ಧ ಶತಮಾನ ಕೇಳಿಸಿಕೊಂಡ ಒಬ್ಬೊಬ್ಬರು ಇದ್ದರು. ಆ ರಾತ್ರಿ ಉಳಿಯದೇ ಹೋಗಿದ್ದರೆ ನನಗೂ ಅದು ಗೊತ್ತಾಗುತ್ತಿರಲಿಲ್ಲ. ಎರಡು ದಿನಕ್ಕೆ ನೆಂಟರ ಹಾಗೆ ಬಂದುಹೋಗುವವರಿಗೆ ಮನೆಯವರು ಹೋಳಿಗೆ ಬಡಿಸುತ್ತಾರೆ. ಇಂಥದ್ದೆಲ್ಲ ಕಣ್ಣಿಗೆ ಬೀಳುವುದು ನಿದ್ದೆಗೆಟ್ಟು ಜೊತೆಗೆ ಇದ್ದವರಿಗೆ.

ಗುರುವಾರ ಬೆಳಿಗ್ಗೆ ನಾಲ್ಕು ಗಂಟೆ ನಿದ್ದೆ ಮಾಡಿ, ಅತ್ತೆಯ ಮನೆಗೆ ಹೋಗಿ ಪರೀಕ್ಷೆ ಬರೆದೆ. ಕರೆಂಟ್ ಒಮ್ಮೆ ಹೋಯಿತು, ಯುಪಿಎಸ್ ಕಾಪಾಡಿತು. ಫಲಿತಾಂಶ ಇನ್ನೂ ಬಂದಿಲ್ಲ. ಅದೇ ರಾತ್ರಿ ರೈಲು ಹಿಡಿದು ಶುಕ್ರವಾರದ ಮೊದಲ ಪೀರಿಯಡ್‌ಗೆ ಹಾಜರಾದೆ.

ಮುಂದಿನ ಹಬ್ಬಕ್ಕೆ ಮುನ್ನ

ಕೆಲಸ ಬಿಟ್ಟು ಊರಿಗೆ ಮರಳಿ ಎಂದು ಹೇಳುವ ಲೇಖನ ಇದಲ್ಲ. ನಮ್ಮಲ್ಲಿ ಹೆಚ್ಚಿನವರಿಗೆ ಅದು ಆಗುವುದೂ ಇಲ್ಲ, ನಮ್ಮನ್ನು ಓದಿಸಿದವರ ಆಸೆಯೂ ಅದಲ್ಲ. ಆದರೆ ಹಬ್ಬದ ದಿನಕ್ಕೆ ಬರುವ ಬದಲು ಹಬ್ಬದ ಕೆಲಸಕ್ಕೆ ಬರಬಹುದು. ಒಂದು ದಿನ ಮೊದಲು ಬಂದರೆ ಅಮ್ಮನ ಮಂಡಿಗೆ ಅಷ್ಟು ಬಿಡುವು. ವರ್ಷಕ್ಕೆ ಒಂದೇ ಒಂದು ಕೆಲಸವನ್ನಾದರೂ ಪೂರ್ತಿ ಕಲಿತರೆ, ಸರ ಪೋಣಿಸುವುದೋ, ಕಡುಬಿಗೆ ಹದ ಮಾಡುವುದೋ, ಪಟ್ಟಿಯಿಂದ ಹೊಡೆದುಹೋಗುವ ಕೆಲಸ ಒಂದು ಕಡಿಮೆ. ಮಧ್ಯದ ಒಂದು ದಿನ ರಜೆ ಹಾಕಬೇಕೆಂದಿದ್ದರೆ ಹಾಜರಾತಿಯನ್ನು ಜುಲೈನಿಂದಲೇ ಉಳಿಸಿಟ್ಟುಕೊಳ್ಳಬಹುದು. ಸಿನಿಮಾಕ್ಕೆಂದು ಬಂಕ್ ಹೊಡೆದ ಮೂರು ದಿನ ಹಬ್ಬಕ್ಕೆ ಎಷ್ಟು ಒದಗುತ್ತಿತ್ತು ಎಂದು ನನ್ನ ಕೊಡಗಿನ ಗೆಳತಿ ಈಗಲೇ ಲೆಕ್ಕ ಹಾಕುತ್ತಿದ್ದಾಳೆ.

ಹಸುವಿನ ವಿಷಯ ಇನ್ನೂ ತೀರ್ಮಾನವಾಗಿಲ್ಲ. ಸರ ತಂದಿದ್ದ ನಾಲ್ಕು ಮನೆಯವರು ಸೇರಿ, ಸರದಿಯಲ್ಲಿ ಹುಲ್ಲು ತಂದುಹಾಕುತ್ತೇವೆ, ಇನ್ನೊಂದು ವರ್ಷ ಇಟ್ಟುಕೊಳ್ಳಿ ಎಂದು ಅಪ್ಪನಿಗೆ ಹೇಳಿದ್ದಾರೆ. ಅಪ್ಪ ‘ನೋಡೋಣ’ ಎಂದಿದ್ದಾನೆ. ನಮ್ಮ ಮನೆಯಲ್ಲಿ ‘ನೋಡೋಣ’ ಎಂದರೆ ಪೂರ್ತಿ ಇಲ್ಲ ಎಂದೇನೂ ಅರ್ಥವಲ್ಲ.

ಹಾಡಿನ ವಿಷಯ ಮಾತ್ರ ಮುಂದೆ ಹೋಗಿದೆ. ಪ್ರತಿ ಭಾನುವಾರ ಸಂಜೆ ಅಪ್ಪ ಫೋನ್ ಹಿಡಿದುಕೊಂಡು, ಅಜ್ಜಿಯ ಕೈ ಹಿಡಿದು ಗುಡ್ಡದ ಬಂಡೆಯವರೆಗೆ ಕರೆದುಕೊಂಡು ಹೋಗುತ್ತಾನೆ. ಅಜ್ಜಿ ಅಲ್ಲಿ ಕೂತು ಒಂದೊಂದೇ ಹಾಡು ಹೇಳುತ್ತಾಳೆ. ಈ ಕಡೆ ನಾನು ಬರೆದುಕೊಳ್ಳುತ್ತೇನೆ, ಅಣ್ಣ ತನ್ನ ರೂಮಿನಲ್ಲಿ ಬಾಯಿಪಾಠ ಮಾಡುತ್ತಾನೆ. 2026ರ ಬಲಿಪಾಡ್ಯಮಿ ನವೆಂಬರ್ 10, ಮಂಗಳವಾರ. ಅಷ್ಟರೊಳಗೆ ಅಣ್ಣ ಮುಂದಿನ ಸಾಲಿನಲ್ಲಿ ನಿಲ್ಲಬೇಕು ಎಂದು ಸಣ್ಣಜ್ಜ ಹೇಳಿಕಳಿಸಿದ್ದಾರೆ. ಇಲ್ಲಿಯವರೆಗೆ ಮೂರು ಹಾಡು ಆಗಿವೆ. ಅಜ್ಜಿಯ ಪ್ರಕಾರ ಇನ್ನೂ ಹನ್ನೊಂದು ಬಾಕಿ.